ಹೆಣ್ಣು ಹೆತ್ತಳೆಂದು ತಾಯಿಯನ್ನು ದೂರುವುದು ಸರಿಯೇ?

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿಯ ಬರಹ ರೂಪ)



ಸಂಘದ ಸಭೆ ಎಂದರೆ ಉಳಿತಾಯ, ಸಾಲ, ಮರುಪಾವತಿ ಅಷ್ಟೇ ಅಲ್ಲ ಎಂದು ನಾವೆಲ್ಲ ಒಪ್ಪಿಕೊಂಡಿದ್ದೇವೆ. ಹಾಗಾಗಿ ಪ್ರತಿ ಸಲವೂ ಒಂದು ಆರೋಗ್ಯದ ವಿಷಯ, ಇಲ್ಲವೆ ಒಂದು ಕಾನೂನಿನ ವಿಷಯ ಇಟ್ಟುಕೊಳ್ಳುತ್ತೇವೆ. ಈ ಸಲದ್ದು ಎರಡಕ್ಕೂ ಸೇರಿದ ವಿಷಯ. ಗರ್ಭದಲ್ಲಿರುವ ಮಗು ಗಂಡಾಗುವುದು ಹೇಗೆ, ಹೆಣ್ಣಾಗುವುದು ಹೇಗೆ? ಅದನ್ನು ತೀರ್ಮಾನ ಮಾಡೋದು ಯಾರು?

ಇದೇನು ಹೈಸ್ಕೂಲು ಮಕ್ಕಳ ಪಾಠ ಅಂತ ಅನ್ನಿಸಬಹುದು. ಆದರೆ ಹೆರಿಗೆ ವಾರ್ಡಿನ ಬಾಗಿಲಲ್ಲಿ ಕೇಳಿಬರುವ ಮಾತು ನಮಗೆ ಹೊಸದಲ್ಲ. "ಮತ್ತೆ ಹೆಣ್ಣೇನಾ?" "ಅವಳ ತಾಯಿಗೂ ಬರೀ ಹೆಣ್ಣೇ, ಇವಳಿಗೂ ಹೆಣ್ಣೇ." "ಗಂಡು ಹೆರೋ ಯೋಗ ಇವಳಿಗಿಲ್ಲ." ಈ ಮಾತು ಆಡುವವರು ಗಂಡಸರು ಮಾತ್ರ ಅಲ್ಲ, ಹೆಂಗಸರಾದ ನಾವೂ ಆಡುತ್ತೇವೆ. ನಮ್ಮ ಸಂಘಗಳಲ್ಲಿ ಅತ್ತೆಯೂ ಇದ್ದಾರೆ, ಸೊಸೆಯೂ ಇದ್ದಾರೆ. ಅದಕ್ಕೇ ಇಬ್ಬರೂ ಜೊತೆಗೆ ಕೂತಿರುವಾಗಲೇ ಇದನ್ನು ಮಾತಾಡೋಣ ಎಂದುಕೊಂಡೆವು.

ಕೊಟ್ಟಿಗೆಯಿಂದ ಆರಂಭಿಸೋಣ

ನಿಮ್ಮಲ್ಲಿ ಅನೇಕರು ಸಂಘದ ಸಾಲದಲ್ಲಿ ಹಸು ತಂದಿದ್ದೀರಿ. ಹಸು ಬೆದೆಗೆ ಬಂದಾಗ ಪಶುವೈದ್ಯರನ್ನು ಕರೆಸಿ ಇಂಜೆಕ್ಷನ್ ಕೊಡಿಸುತ್ತೀರಿ. ಈಗ ಹೆಣ್ಣು ಕರುವೇ ಹುಟ್ಟಲಿ ಎಂದು ವಿಂಗಡಿಸಿದ ವೀರ್ಯವೂ ಸಿಗುತ್ತದೆ. ಅದರಿಂದ ಗಬ್ಬ ನಿಂತ ನೂರು ಹಸುಗಳಲ್ಲಿ ಸುಮಾರು 90 ಹಸುಗಳು ಹೆಣ್ಣು ಕರುವನ್ನೇ ಹಾಕುತ್ತವೆ.

ಇಲ್ಲಿ ಒಂದು ಸಂಗತಿ ಗಮನಿಸಿ. ಹೆಣ್ಣು ಕರು ಬೇಕು ಅಂದಾಗ ವಿಂಗಡಿಸಿದ್ದು ಏನನ್ನು? ಹೋರಿಯ ವೀರ್ಯವನ್ನು. ಹಸುವಿಗೆ ಬೇರೆ ಮೇವು ಹಾಕಲಿಲ್ಲ, ಹಸುವನ್ನು ಬದಲಾಯಿಸಲೂ ಇಲ್ಲ. ಹೋರಿಯ ವೀರ್ಯದಲ್ಲಿ ಎರಡು ಬಗೆಯ ವೀರ್ಯಾಣುಗಳು ಇರುತ್ತವೆ. ಹೆಣ್ಣು ಕರುವಿಗೆ ಕಾರಣವಾಗುವ ವೀರ್ಯಾಣುವಿನಲ್ಲಿ ಡಿಎನ್‌ಎ ಎಂಬ ವಸ್ತು ನೂರಕ್ಕೆ ಸುಮಾರು 4 ಪಾಲು ಹೆಚ್ಚಿರುತ್ತದೆ. ಆ ಸಣ್ಣ ವ್ಯತ್ಯಾಸವನ್ನು ಯಂತ್ರ ಗುರುತಿಸಿ ಎರಡನ್ನೂ ಬೇರೆ ಮಾಡುತ್ತದೆ.

ಗಂಡು ಕರು ಹುಟ್ಟಿದರೆ ನಮಗೆ ಬೇಸರ ಆಗುತ್ತದೆ ನಿಜ. ಆದರೆ ಅದಕ್ಕಾಗಿ ಹಸುವನ್ನು ಹೊಡೆಯುವುದಿಲ್ಲ, ಮೇವು ನಿಲ್ಲಿಸುವುದಿಲ್ಲ, ತವರಿಗೆ ಅಟ್ಟುವುದಿಲ್ಲ. ಕೊಟ್ಟಿಗೆಯಲ್ಲಿ ನಮಗೆ ಇರುವ ತಿಳುವಳಿಕೆ ನಡುಮನೆಗೆ ಬಂದಾಗ ಎಲ್ಲಿ ಹೋಗುತ್ತದೆ?

ಎಕ್ಸ್ ಮತ್ತು ವೈ

ಮನುಷ್ಯರ ವಿಷಯವೂ ಹೀಗೇ. ನಮ್ಮ ದೇಹ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆಗಿದೆ. ಸಾಮಾನ್ಯವಾಗಿ ಒಂದೊಂದು ಜೀವಕೋಶದಲ್ಲೂ ದಾರದ ಎಳೆಗಳಂಥ 46 ವರ್ಣತಂತುಗಳು, ಅಂದರೆ ಕ್ರೋಮೋಸೋಮುಗಳು ಇರುತ್ತವೆ. ಒಟ್ಟು 23 ಜೋಡಿ. ಅದರಲ್ಲಿ 22 ಜೋಡಿ ಹೆಣ್ಣಿಗೂ ಗಂಡಿಗೂ ಒಂದೇ ತರಹ. 23ನೇ ಜೋಡಿಯಲ್ಲಿ ಮಾತ್ರ ವ್ಯತ್ಯಾಸ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ.

ತಾಯಿಯ ಅಂಡಾಣುವಿಗೆ ಹೋಗುವುದು ಜೋಡಿಯಲ್ಲಿ ಒಂದು ಮಾತ್ರ. ಅವಳ ಹತ್ತಿರ ಇರುವುದು ಎಕ್ಸ್ ಮಾತ್ರ, ಹಾಗಾಗಿ ಅವಳು ಕೊಡುವುದೂ ಎಕ್ಸ್ ಮಾತ್ರ. ಮಗಳಿಗೂ ಎಕ್ಸ್, ಮಗನಿಗೂ ಎಕ್ಸ್. ತಂದೆಯ ವೀರ್ಯಾಣುಗಳಲ್ಲಿ ಸುಮಾರು ಅರ್ಧ ಎಕ್ಸ್ ಹೊತ್ತವು, ಅರ್ಧ ವೈ ಹೊತ್ತವು. ಎಕ್ಸ್ ಇರುವುದು ಬಂದು ಸೇರಿದರೆ ಸಾಮಾನ್ಯವಾಗಿ ಹೆಣ್ಣು, ವೈ ಇರುವುದು ಸೇರಿದರೆ ಸಾಮಾನ್ಯವಾಗಿ ಗಂಡು.

ಇದನ್ನು ಮೊದಲಿಗೆ ಕಂಡವರಲ್ಲಿ ಒಬ್ಬರು ಹೆಂಗಸು ಎಂಬುದು ನಮಗೆಲ್ಲ ತಿಳಿದಿರಬೇಕು. ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬುವರು ಶಾಲೆಯಲ್ಲಿ ಪಾಠ ಹೇಳಿ ದುಡಿದು, ಆಮೇಲೆ ಓದು ಮುಂದುವರಿಸಿದವರು. 1905ರಲ್ಲಿ ಅವರು ಹಿಟ್ಟಿನಲ್ಲಿ ಆಗುವ ಒಂದು ಜಾತಿಯ ಹುಳುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹೆಣ್ಣು ಹುಳುವಿನ ಜೀವಕೋಶದಲ್ಲಿ 20 ದೊಡ್ಡ ವರ್ಣತಂತುಗಳಿದ್ದವು. ಗಂಡಿನಲ್ಲಿ 19 ದೊಡ್ಡವು, ಒಂದು ಪುಟ್ಟದು. ಆ ಪುಟ್ಟದನ್ನೇ ಇವತ್ತು ನಾವು ವೈ ಎನ್ನುತ್ತೇವೆ. ಅಂದರೆ ಈ ತಿಳುವಳಿಕೆ ಲೋಕಕ್ಕೆ ಸಿಕ್ಕಿ ನೂರು ವರ್ಷ ದಾಟಿತು. ನಮ್ಮ ಅಡುಗೆಮನೆಗೆ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.

ಹಾಗಂತ ಇನ್ನು ಮುಂದೆ ಗಂಡನನ್ನು ಬೈಯೋಣ ಎಂದಲ್ಲ. ಯಾವ ವೀರ್ಯಾಣು ಮೊದಲು ಸೇರಬೇಕು ಎಂದು ಆತನೂ ಆರಿಸಿ ಕಳಿಸಲಾರ. ಅದು ನಾಣ್ಯ ಚಿಮ್ಮಿದ ಹಾಗೆ. ಮೂರು ಮಕ್ಕಳಿರುವ ಎಂಟು ಮನೆ ತೆಗೆದುಕೊಂಡರೆ, ಸರಿಸುಮಾರು ಒಂದು ಮನೆಯಲ್ಲಿ ಮೂರೂ ಹೆಣ್ಣಾಗುವುದು ಸಹಜ. ಅದರಲ್ಲಿ ದೋಷವೂ ಇಲ್ಲ, ಶಾಪವೂ ಇಲ್ಲ.

"ಬೀಜ ಅವನದು, ಹೆಣ್ಣು ಬರೀ ಹೊಲ" ಎಂದು ಕೆಲವರು ಹೇಳುವುದುಂಟು. ಅದೂ ತಪ್ಪು. ಅರ್ಧ ಬೀಜ ತಾಯಿಯದ್ದೇ. ಮಗುವಿನ 46 ವರ್ಣತಂತುಗಳಲ್ಲಿ 23 ಅವಳು ಕೊಟ್ಟದ್ದು. ಅದರ ಮೇಲೆ ಒಂಬತ್ತು ತಿಂಗಳ ರಕ್ತ, ಉಸಿರು, ಅನ್ನ.

ಮೊದಲ ಆರು ವಾರ ಎಲ್ಲ ಮಕ್ಕಳೂ ಒಂದೇ

ಎಕ್ಸ್, ವೈ ಸೇರಿದ ಕೂಡಲೇ ಮಗು ಗಂಡೋ ಹೆಣ್ಣೋ ಆಗಿಬಿಡುತ್ತದೆಯೇ? ಇಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಗರ್ಭ ನಿಂತು ಸುಮಾರು ಆರು ವಾರದವರೆಗೆ ಹೆಣ್ಣು ಭ್ರೂಣಕ್ಕೂ ಗಂಡು ಭ್ರೂಣಕ್ಕೂ ಲೈಂಗಿಕ ಅಂಗಗಳಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆಗ ಭ್ರೂಣ ಒಂದು ಅವರೆಕಾಳಿನಷ್ಟು ಇರುತ್ತದೆ. ಅದರೊಳಗೆ ಒಂದು ಜೊತೆ ಪುಟ್ಟ ಗ್ರಂಥಿಗಳು. ಅವು ಮುಂದೆ ಅಂಡಾಶಯವೂ ಆಗಬಲ್ಲವು, ವೃಷಣವೂ ಆಗಬಲ್ಲವು. ಬೇಯಿಸಿಟ್ಟ ಒಂದೇ ಬೇಳೆಯಿಂದ ಸಾರೂ ಮಾಡಬಹುದು, ಹುಳಿಯೂ ಮಾಡಬಹುದು ಅಲ್ಲವೇ, ಹಾಗೆ.

ಮುಂದೆ ಏನಾಗುತ್ತದೆ ಎಂದು ತಿಳಿಯಲು ಜೀನ್ ಎಂಬ ಮಾತನ್ನು ತಿಳಿದುಕೊಳ್ಳಬೇಕು. ವರ್ಣತಂತುಗಳ ಮೇಲೆ ಸಾಲಾಗಿ ಇರುವ ಆದೇಶಗಳೇ ಜೀನ್‌ಗಳು, ಅಂದರೆ ವಂಶವಾಹಿಗಳು. ಮನುಷ್ಯರಲ್ಲಿ ಇವು ಸುಮಾರು 20,000 ಇವೆ. ಕಣ್ಣಿನ ಜೀವಕೋಶದಲ್ಲೂ, ಕರುಳಿನ ಜೀವಕೋಶದಲ್ಲೂ ಇರುವುದು ಅದೇ ಜೀನ್‌ಗಳು. ಆದರೆ ಎಲ್ಲವೂ ಒಂದೇ ಸಲ ಕೆಲಸ ಮಾಡುವುದಿಲ್ಲ. ನಮ್ಮ ಅಡುಗೆಮನೆಯ ಗೂಡಿನಲ್ಲಿ ಎಲ್ಲ ಡಬ್ಬಿಗಳೂ ಇರುತ್ತವೆ. ಸಾರಿಗೆ ಬೇಕಾದ ಡಬ್ಬಿ ಬೇರೆ, ಪಾಯಸಕ್ಕೆ ತೆಗೆಯುವ ಡಬ್ಬಿ ಬೇರೆ. ಯಾವ ಡಬ್ಬಿ ಯಾವಾಗ ತೆರೆಯಿತು, ಎಷ್ಟು ಹೊತ್ತು ತೆರೆದಿತ್ತು ಎನ್ನುವುದರ ಮೇಲೆ ಅಡುಗೆ ನಿಲ್ಲುತ್ತದೆ. ಜೀನ್ ಹೀಗೆ ತೆರೆದುಕೊಂಡು ಕೆಲಸ ಶುರುಮಾಡುವುದನ್ನೇ ವಿಜ್ಞಾನಿಗಳು ಜೀನ್ ಅಭಿವ್ಯಕ್ತಿ ಎನ್ನುತ್ತಾರೆ.

ಹಾಲಿಗೆ ಹೆಪ್ಪು ಹಾಕಿದ ಹಾಗೆ

ವೈ ವರ್ಣತಂತುವಿನ ಮೇಲೆ ಎಸ್‌ಆರ್‌ವೈ ಎಂಬ ಒಂದು ಜೀನ್ ಇದೆ. ಇದನ್ನು 1990ರಲ್ಲಿ ಲಂಡನ್ನಿನ ವಿಜ್ಞಾನಿಗಳು ಗುರುತಿಸಿದರು. ಮರುವರ್ಷ, 1991ರಲ್ಲಿ, ಅವರು ಒಂದು ಪರೀಕ್ಷೆ ಮಾಡಿದರು. ಎರಡು ಎಕ್ಸ್ ಇರುವ, ಅಂದರೆ ಹೆಣ್ಣಾಗಬೇಕಿದ್ದ, ಇಲಿಯ ಭ್ರೂಣಕ್ಕೆ ಈ ಒಂದು ಜೀನನ್ನು ಸೇರಿಸಿದರು. ಆ ಮರಿ ಗಂಡಾಗಿ ಬೆಳೆಯಿತು. ಹೆಣ್ಣಿಲಿಗಳ ಜೊತೆ ಕೂಡಿತು ಕೂಡ, ಸಂತಾನ ಮಾತ್ರ ಆಗಲಿಲ್ಲ. ಸಾವಿರಾರು ಜೀನ್‌ಗಳ ನಡುವೆ ಈ ಒಂದರಿಂದ ಅಷ್ಟು ದೊಡ್ಡ ತಿರುವು!

ಎಸ್‌ಆರ್‌ವೈ ಮಾಡುವ ಕೆಲಸ ಹೆಪ್ಪಿನ ಕೆಲಸದಂತೆ. ಪಾತ್ರೆ ತುಂಬ ಹಾಲಿಗೆ ಒಂದು ಚಮಚ ಹೆಪ್ಪು ಸಾಕು. ಆಮೇಲೆ ಹಾಲು ತಾನೇ ಮೊಸರಾಗುತ್ತಾ ಹೋಗುತ್ತದೆ. ಹಾಗೆಯೇ ಎಸ್‌ಆರ್‌ವೈ ಸ್ವಲ್ಪ ಹೊತ್ತು ಎಚ್ಚರಗೊಂಡು, ಸಾಕ್ಸ್-9 ಎಂಬ ಇನ್ನೊಂದು ಜೀನನ್ನು ಎಬ್ಬಿಸುತ್ತದೆ. ಸಾಕ್ಸ್-9 ಒಮ್ಮೆ ಎದ್ದರೆ ತನ್ನನ್ನು ತಾನೇ ಎಚ್ಚರವಾಗಿ ಇಟ್ಟುಕೊಳ್ಳುತ್ತದೆ. ಆ ಪುಟ್ಟ ಗ್ರಂಥಿಗಳು ವೃಷಣ ಆಗುವ ದಾರಿ ಹಿಡಿಯುತ್ತವೆ.

ಹೆಪ್ಪಿಗೆ ಹದವೂ ಬೇಕು, ಹೊತ್ತೂ ಬೇಕು. ಇಲಿಯ ಗರ್ಭ ಸುಮಾರು 20 ದಿನದ್ದು. ಅದರಲ್ಲಿ 11ನೇ ದಿನದ ಆಸುಪಾಸಿನಲ್ಲಿ ಈ ಜೀನ್ ಕೆಲಸ ಶುರುಮಾಡಬೇಕು. ಜಪಾನಿನ ವಿಜ್ಞಾನಿಗಳು 2009ರಲ್ಲಿ ತೋರಿಸಿಕೊಟ್ಟಂತೆ, ಅದು ಸುಮಾರು ಆರು ಗಂಟೆಗಿಂತ ಹೆಚ್ಚು ತಡವಾದರೆ ವೃಷಣ ಸರಿಯಾಗಿ ರೂಪುಗೊಳ್ಳುವುದಿಲ್ಲ. 2018ರಲ್ಲಿ ಲಂಡನ್ನಿನಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಸಾಕ್ಸ್-9 ಜೀನನ್ನು ಎಬ್ಬಿಸುವ ಸ್ವಿಚ್ಚಿನಂಥ ಒಂದು ತುಣುಕು ಅದರಿಂದ ದೂರದಲ್ಲಿದೆ. ಆ ಪುಟ್ಟ ತುಣುಕನ್ನು ತೆಗೆದಾಗ, ವೈ ಇದ್ದರೂ ಇಲಿಮರಿಗಳು ಅಂಡಾಶಯ ಪಡೆದು ಹೆಣ್ಣಾಗಿ ಬೆಳೆದವು. ಬರೀ ಡಬ್ಬಿ ಇದ್ದರೆ ಸಾಲದು, ಅದನ್ನು ತೆರೆಯುವ ಕೈಯೂ ಬೇಕು.

ಹೆಣ್ಣು ಎಂದರೆ ಗಂಡಾಗದೆ ಉಳಿದದ್ದಲ್ಲ

ಹಾಗಾದರೆ ಹೆಪ್ಪು ಬೀಳದೆ ಉಳಿದ ಹಾಲೇ ಹೆಣ್ಣೇನು? ಬಹಳ ವರ್ಷ ವಿಜ್ಞಾನಿಗಳು ಕೂಡ ಹೆಚ್ಚುಕಡಿಮೆ ಹಾಗೇ ಎಣಿಸಿದ್ದರು. ಗಂಡಾಗಲು ಕೆಲಸ ಬೇಕು, ಹೆಣ್ಣು ತನ್ನಷ್ಟಕ್ಕೆ ಆಗುತ್ತದೆ ಎಂದು. ಅದು ಸರಿಯಲ್ಲ ಎಂದು ಈಗ ಗೊತ್ತಾಗಿದೆ. ಅಂಡಾಶಯ ಆಗಲು ಅದರದ್ದೇ ಜೀನ್‌ಗಳು ಎಚ್ಚರಗೊಂಡು ದುಡಿಯಬೇಕು, ಜೊತೆಗೆ ಗಂಡಿನ ದಾರಿಯ ಜೀನ್‌ಗಳನ್ನು ತಡೆದು ನಿಲ್ಲಿಸಬೇಕು.

ಅದಕ್ಕಿಂತ ಅಚ್ಚರಿಯದು 2009ರಲ್ಲಿ ತಿಳಿಯಿತು. ಬೆಳೆದು ನಿಂತ ಹೆಣ್ಣಿಲಿಯ ಅಂಡಾಶಯದಲ್ಲಿ ಫಾಕ್ಸ್‌ಎಲ್-2 ಎಂಬ ಒಂದೇ ಜೀನನ್ನು ಕೆಲಸ ಮಾಡದಂತೆ ಮಾಡಿದರು. ಆಗ ಅಲ್ಲಿಯ ಜೀವಕೋಶಗಳು ವೃಷಣದ ಜೀವಕೋಶಗಳಂತೆ ಬದಲಾದವು. ಅಂದರೆ ಆ ಜೀನ್ ಗರ್ಭದಲ್ಲಿ ಒಂದು ಸಲ ಕೆಲಸ ಮಾಡಿ ಸುಮ್ಮನಾಗಿರಲಿಲ್ಲ. ಪ್ರತಿದಿನ ಕಾವಲು ಕಾಯುತ್ತಾ ಅಂಡಾಶಯವನ್ನು ಅಂಡಾಶಯವಾಗಿಯೇ ಉಳಿಸಿಕೊಂಡು ಬಂದಿತ್ತು. ಮನೆಗೆಲಸ ಮಾಡುವ ನಮಗೆ ಇದು ಅರ್ಥವಾಗುತ್ತದೆ. ಕೆಲಸ ನಡೆಯುತ್ತಿರುವಾಗ ಯಾರಿಗೂ ಕಾಣುವುದಿಲ್ಲ, ಒಂದು ದಿನ ನಿಂತರೆ ಎಲ್ಲರಿಗೂ ಗೊತ್ತಾಗುತ್ತದೆ.

ಅವಳಿ ಕರುವಿನ ಗುಟ್ಟು

ವೃಷಣ ಆದ ಮೇಲೆ ಅದು ಹಾರ್ಮೋನುಗಳನ್ನು ಬಿಡುತ್ತದೆ. ಅವು ಪತ್ರ ಹೊತ್ತ ಅಂಚೆಯವರಂತೆ ರಕ್ತದಲ್ಲಿ ಸಾಗಿ ಉಳಿದ ಅಂಗಗಳಿಗೆ ಸುದ್ದಿ ಮುಟ್ಟಿಸುತ್ತವೆ. ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ ಎಂಬ ವಿಜ್ಞಾನಿ ಇದನ್ನು ಮೊಲಗಳಲ್ಲಿ ಪರೀಕ್ಷಿಸಿ 1947ರಲ್ಲಿ ಪ್ರಕಟಿಸಿದರು. ತಾಯಿಮೊಲದ ಗರ್ಭದಲ್ಲಿರುವಾಗಲೇ ಗಂಡು ಮರಿಯ ವೃಷಣ ತೆಗೆದರೆ, ಅದರ ದೇಹದಲ್ಲಿ ಗರ್ಭಕೋಶದಂಥ ಹೆಣ್ಣಿನ ಅಂಗಗಳೇ ಬೆಳೆದವು. ಸುದ್ದಿ ತಲುಪದಿದ್ದರೆ ಅಂಗ ಬೇರೆ ದಾರಿ ಹಿಡಿಯುತ್ತದೆ.

ಇದರ ಒಂದು ಉದಾಹರಣೆ ನಮ್ಮ ಕೊಟ್ಟಿಗೆಯಲ್ಲೇ ಸಿಗುತ್ತದೆ. ಹಸು ಅವಳಿ ಕರು ಹಾಕಿ, ಒಂದು ಗಂಡು ಒಂದು ಹೆಣ್ಣು ಆದರೆ, ಆ ಹೆಣ್ಣು ಕರು ಮುಂದೆ ಹೆಚ್ಚಾಗಿ ಗಬ್ಬ ಕಟ್ಟುವುದಿಲ್ಲ. ಹಿರಿಯರು ಇದನ್ನು ಬಲ್ಲರು. ಕಾರಣವನ್ನು 1917ರಲ್ಲಿ ಅಮೆರಿಕದ ಫ್ರಾಂಕ್ ಲಿಲ್ಲಿ ವಿವರಿಸಿದರು. ಹಸುವಿನ ಗರ್ಭದಲ್ಲಿ ಅವಳಿಗಳ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಗಂಡು ಕರುವಿನ ಹಾರ್ಮೋನುಗಳು ಹೆಣ್ಣು ಕರುವಿಗೂ ಹರಿದು, ಅದರ ಅಂಡಾಶಯ, ಗರ್ಭಕೋಶ ಸರಿಯಾಗಿ ಬೆಳೆಯುವುದಿಲ್ಲ. ಇಂಥ ನೂರು ಕರುಗಳಲ್ಲಿ 90ಕ್ಕೂ ಹೆಚ್ಚು ಬಂಜೆಯಾಗುತ್ತವೆ. ಆದ್ದರಿಂದ ಅಂಥ ಕರುವಿಗೆ ಎರಡು ವರ್ಷ ಮೇವು ಹಾಕಿ ಕಾಯುವ ಮೊದಲು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ. ಮನುಷ್ಯರ ಅವಳಿಗಳಲ್ಲಿ ಈ ತೊಂದರೆ ಇಲ್ಲ. ಅಣ್ಣನ ಜೊತೆ ಅವಳಿಯಾಗಿ ಹುಟ್ಟಿದ ಹುಡುಗಿ ಬಂಜೆಯಾಗುತ್ತಾಳೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕೆಲವು ಮಕ್ಕಳ ವಿಷಯ

ಇಷ್ಟು ಡಬ್ಬಿ, ಇಷ್ಟು ಸ್ವಿಚ್ಚು, ಇಷ್ಟು ಅಂಚೆ ಇರುವಾಗ ಕೆಲವು ಮಕ್ಕಳಲ್ಲಿ ಹಾದಿ ಸ್ವಲ್ಪ ಬೇರೆಯಾಗುವುದು ಆಶ್ಚರ್ಯವಲ್ಲ. ಇಂಥ ಎರಡು ಸಂದರ್ಭ ನಾವು ತಿಳಿದಿರಬೇಕು.

ಒಂದು, ಹುಟ್ಟಿದ ಮಗು ಹೆಣ್ಣೋ ಗಂಡೋ ಎಂದು ನೋಡಿದ ಕೂಡಲೇ ಹೇಳಲಾಗದ ಸಂದರ್ಭ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ತೊಂದರೆಯಿಂದ ಹೆಣ್ಣು ಮಗುವಿಗೆ ಹೊರಗಿನ ಅಂಗ ಗಂಡಿನಂತೆ ಕಾಣಬಹುದು. ಒಳಗೆ ಅಂಡಾಶಯ, ಗರ್ಭಕೋಶ ಇದ್ದೇ ಇರುತ್ತವೆ. ಇಂಥ ಮಗುವನ್ನು ಮುಚ್ಚಿಡಬೇಡಿ, ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಏಕೆಂದರೆ ಈ ತೊಂದರೆ ಇರುವ ಕೆಲವು ಮಕ್ಕಳ ದೇಹದಿಂದ ಉಪ್ಪಿನಂಶ ಹೋಗಿ, ಒಂದೆರಡು ವಾರದಲ್ಲೇ ವಾಂತಿ, ನಿತ್ರಾಣ ಆಗಿ ಪ್ರಾಣಕ್ಕೇ ಅಪಾಯ ಬರಬಹುದು. ಔಷಧಿ ಇದೆ, ಅದನ್ನು ನಿಲ್ಲಿಸದೆ ಕೊಟ್ಟರೆ ಮಗು ಚೆನ್ನಾಗಿ ಬೆಳೆಯುತ್ತದೆ.

ಇನ್ನೊಂದು, ಹುಡುಗಿಗೆ 15 ವರ್ಷ ಕಳೆದರೂ ಮುಟ್ಟಾಗದ ಸಂದರ್ಭ. ಇದಕ್ಕೆ ಅನೇಕ ಕಾರಣಗಳಿವೆ. ಅಪರೂಪಕ್ಕೆ, ಎಕ್ಸ್ ವೈ ಇದ್ದು, ಒಳಗೆ ವೃಷಣವೇ ಇದ್ದು, ಅದರ ಹಾರ್ಮೋನಿನ ಸುದ್ದಿಯನ್ನು ದೇಹ ಸ್ವೀಕರಿಸದೆ ಮಗು ಹೆಣ್ಣಾಗಿಯೇ ಬೆಳೆದಿರುತ್ತದೆ. ಅವಳಿಗೆ ಗರ್ಭಕೋಶ ಇರುವುದಿಲ್ಲ. ಇದನ್ನು ಮುಚ್ಚಿಟ್ಟು ಮದುವೆ ಮಾಡಿ, ಆಮೇಲೆ ಬಂಜೆ ಎಂದು ಅವಳನ್ನೇ ಹೊರಗೆ ಹಾಕುವುದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಮೊದಲೇ ವೈದ್ಯರಿಗೆ ತೋರಿಸೋಣ. ಆ ಮಗಳ ಗುಟ್ಟನ್ನು ಊರಿಗೆ ಹಂಚದೆ ಕಾಪಾಡೋಣ.

ನೀವು ಕೇಳುವ ಪ್ರಶ್ನೆಗಳು

ಗಂಡಾಗಲಿ ಎಂದು ಕೊಡುವ ನಾಟಿ ಔಷಧಿ ತಿನ್ನಬಹುದೇ? ಬೇಡವೇ ಬೇಡ. ಮುಟ್ಟು ನಿಂತಿತು ಎಂದು ನಿಮಗೆ ಗೊತ್ತಾಗುವ ಹೊತ್ತಿಗೆ ಎಕ್ಸೋ ವೈಯೋ ಎಂಬುದು ಮುಗಿದ ಮಾತು. ಯಾವ ಪುಡಿಯೂ ಅದನ್ನು ಬದಲಾಯಿಸದು. ಮೇಲಾಗಿ, ಹರಿಯಾಣದಲ್ಲಿ ಇಂಥ ಔಷಧಿ ತಿಂದ ತಾಯಂದಿರ ಮಕ್ಕಳಲ್ಲಿ ಹುಟ್ಟು ನ್ಯೂನತೆಗಳು ಹೆಚ್ಚು ಕಂಡುಬಂದಿವೆ.

ಹೊಟ್ಟೆಯ ಆಕಾರ, ತಿನ್ನುವ ಬಯಕೆ, ಮುಖದ ಕಳೆ ನೋಡಿ ಹೇಳಬಹುದೇ? ಇಲ್ಲ. ಅರ್ಧಕ್ಕರ್ಧ ಸಲ ಸರಿಹೋಗುತ್ತದೆ, ಏಕೆಂದರೆ ಇರುವುದೇ ಎರಡು ಉತ್ತರ. ಸರಿಹೋದದ್ದು ನೆನಪಿರುತ್ತದೆ, ತಪ್ಪಿದ್ದು ಮರೆತುಹೋಗುತ್ತದೆ.

ಹಾಗಾದರೆ ಸ್ಕ್ಯಾನಿಂಗ್ ಮಾಡಿಸಬಾರದೇ? ಮಾಡಿಸಬೇಕು. ಮಗುವಿನ ಬೆಳವಣಿಗೆ, ಮಾಸು ಇರುವ ಜಾಗ, ಅಂಗಗಳ ತೊಂದರೆ ತಿಳಿಯಲು ವೈದ್ಯರು ಹೇಳಿದಾಗ ಸ್ಕ್ಯಾನಿಂಗ್ ಅಗತ್ಯ. ಗಂಡೋ ಹೆಣ್ಣೋ ಎಂದು ಕೇಳುವುದು ಮಾತ್ರ ಅಪರಾಧ.

ಕಾನೂನು ಏನು ಹೇಳುತ್ತದೆ?

1994ರಲ್ಲಿ ಆದ ಲಿಂಗ ಪತ್ತೆ ತಡೆ ಕಾಯ್ದೆ 1996ರಲ್ಲಿ ಜಾರಿಗೆ ಬಂತು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಗರ್ಭದಲ್ಲಿರುವ ಮಗುವಿನ ಲಿಂಗವನ್ನು ಬಾಯಲ್ಲಿ ಹೇಳುವುದಷ್ಟೇ ಅಲ್ಲ, ಸನ್ನೆ ಮಾಡಿ ತಿಳಿಸುವುದೂ ಅಪರಾಧ. ಮಾಡಿದ ವೈದ್ಯರಿಗೆ ಮೊದಲ ಸಲ 3 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಮಾಡಿಸಿಕೊಡಿ ಎಂದು ಹೋದವರಿಗೂ 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಒತ್ತಾಯಕ್ಕೆ ಸಿಕ್ಕಿದ ಗರ್ಭಿಣಿಗೆ ಈ ಶಿಕ್ಷೆ ಇಲ್ಲ. ಬೇರೆ ರುಜುವಾತು ಆಗದ ಹೊರತು, ಗಂಡ ಅಥವಾ ಮನೆಯವರೇ ಅವಳನ್ನು ಒತ್ತಾಯ ಮಾಡಿದ್ದಾರೆ ಎಂದು ನ್ಯಾಯಾಲಯ ಭಾವಿಸುತ್ತದೆ.

ಕಾನೂನು ಇದ್ದೂ ಏನಾಯಿತು? ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡು ಮಕ್ಕಳಿಗೆ 1991ರಲ್ಲಿ 945 ಹೆಣ್ಣು ಮಕ್ಕಳಿದ್ದರು. 2001ರಲ್ಲಿ 927 ಆಯಿತು. 2011ರಲ್ಲಿ ಇನ್ನೂ ಇಳಿಯಿತು. ನಮ್ಮ ಕರ್ನಾಟಕದಲ್ಲಿ 2011ರ ಲೆಕ್ಕ 948. ಪರವಾಗಿಲ್ಲ ಎಂದು ನಿಟ್ಟುಸಿರು ಬಿಡುವ ಹಾಗಿಲ್ಲ. 2023ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಹಿಡಿದರು. ಬೆಲ್ಲ ಮಾಡುವ ಜಾಗದಲ್ಲಿ ನಡೆದ ಕೆಲಸ ಅದು.

ಸಂಘವಾಗಿ ನಾವು ಏನು ಮಾಡೋಣ?

ಭಾಷಣ ಕೇಳಿ ಎದ್ದು ಹೋದರೆ ಪ್ರಯೋಜನವಿಲ್ಲ. ಮೂರು ಮಾತನ್ನು ಪ್ರತಿ ಸಂಘವೂ ಚರ್ಚಿಸಿ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲಿ ಎಂದು ಕೇಳಿಕೊಳ್ಳುತ್ತೇವೆ.

ಮೊದಲನೆಯದು, ಲಿಂಗ ಪತ್ತೆ ಮಾಡಿಸಲು, ಗಂಡಾಗುವ ಔಷಧಿ ತರಲು ಸಂಘದ ದುಡ್ಡಿನಿಂದ ಸಾಲ ಇಲ್ಲ. "ಆಸ್ಪತ್ರೆ ಖರ್ಚು" ಎಂದು ಬರೆಸಿದಾಗ ಯಾವ ಖರ್ಚು ಎಂದು ಪ್ರೀತಿಯಿಂದಲೇ ವಿಚಾರಿಸೋಣ.

ಎರಡನೆಯದು, ಹೆಣ್ಣು ಹೆತ್ತ ಸದಸ್ಯೆಯ ಮನೆಗೆ ಒಂದು ವಾರದೊಳಗೆ ಸಂಘದಿಂದ ಇಬ್ಬರಾದರೂ ಹೋಗಿ ಬರೋಣ. ಬರಿಗೈಯಲ್ಲಿ ಬೇಡ. ಬಾಣಂತಿಗೆ ಬೇಕಾದ್ದು ಏನಾದರೂ ಇರಲಿ. ಮನೆಯವರು ಮುಖ ಸಣ್ಣ ಮಾಡಿಕೊಂಡಿದ್ದರೆ, ಎಕ್ಸ್ ವೈ ಲೆಕ್ಕವನ್ನು ಅಲ್ಲೇ ಕೂತು ತಿಳಿಸೋಣ. ಅದನ್ನು ಅತ್ತೆಯಾದವರು ಹೇಳಿದರೆ ಇನ್ನೂ ಚೆನ್ನ.

ಮೂರನೆಯದು, ಯಾರನ್ನಾದರೂ ಬಲವಂತವಾಗಿ ಕರೆದೊಯ್ಯುತ್ತಿದ್ದಾರೆ ಎಂದು ತಿಳಿದರೆ ಸುಮ್ಮನಿರಬಾರದು. ಒಬ್ಬರೇ ಹೋಗಿ ಜಗಳ ಮಾಡುವುದು ಬೇಡ. ಸಂಘವಾಗಿ ಹೋಗಿ ಮಾತಾಡೋಣ. ಕೇಳದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಬರೆದು ಕೊಡೋಣ.

ಅಕ್ಕತಂಗಿಯರೇ, ಇವತ್ತು ನಾವು ತಿಳಿದದ್ದನ್ನು ಒಂದು ಮಾತಲ್ಲಿ ಹೇಳುವುದಾದರೆ ಇಷ್ಟೇ. ಒಂದು ವೀರ್ಯಾಣು, ಒಂದು ಪುಟ್ಟ ಜೀನ್, ಅದು ಎಚ್ಚರಗೊಳ್ಳುವ ಹೊತ್ತು, ಅದರ ಹಿಂದೆ ದುಡಿಯುವ ಹತ್ತಾರು ಜೀನ್‌ಗಳು, ಇವೆಲ್ಲ ಸೇರಿ ಒಂದು ಮಗು ಹೆಣ್ಣೋ ಗಂಡೋ ಆಗುತ್ತದೆ. ಇದರಲ್ಲಿ ತಾಯಿ ಬಯಸಿ ಮಾಡಿದ್ದು ಏನೂ ಇಲ್ಲ, ತಪ್ಪಿ ಮಾಡಿದ್ದೂ ಏನೂ ಇಲ್ಲ. ಮನೆಗೆ ಹೋದ ಮೇಲೆ ಈ ಮಾತನ್ನು ಗಂಡನಿಗೆ ಹೇಳಿ, ಮಗನಿಗೆ ಹೇಳಿ, ಮದುವೆಗೆ ಬಂದ ಮಗಳಿಗೂ ಹೇಳಿ ಕಳಿಸಿ.